ಕೊಂಡೆಗ: ಪದದ ಅರ್ಥ ಮತ್ತು ಬಳಕೆ

‘ಕೊಂಡೆಯ’ ಎಂಬುದು ಹಳಗನ್ನಡದಿಂದ ಬಂದ ಪದ. ಚಾಡಿ, ಬೆನ್ನ ಹಿಂದೆ ಹೇಳುವ ದೂರು ಎಂದು ಅದರ ಅರ್ಥ. ಹೀಗೆ ಹೇಳುವವನು ‘ಕೊಂಡೆಗ’ ಅಥವಾ ‘ಕೊಂಡೆಗಾರ’. ಇಂದಿನ ಆಡುಮಾತಿನಲ್ಲಿ ಈ ಪದದ ಸ್ಥಾನವನ್ನು ‘ಚಾಡಿಕೋರ’ ಪಡೆದುಕೊಂಡಿದೆ. ಅದರ ಕೊನೆಯ ‘ಕೋರ’ ಪಾರಸಿ ಮೂಲದ್ದು. ತಿನ್ನುವವನು ಎಂಬುದು ಮೂಲಾರ್ಥ. ಲಂಚಕೋರ, ಬಡ್ಡಿಕೋರ ಎಂಬ ಪದಗಳಲ್ಲಿಯೂ ಅದೇ ಇದೆ.

ಶರಣರ ಚರಿತೆಯನ್ನು ಬಲ್ಲವರಿಗೆ ಈ ಪದ ಹೊಸತಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮೇಲೆ ಬಿಜ್ಜಳನಿಗೆ ದೂರು ಮುಟ್ಟಿಸಿದನೆಂದು ಪರಂಪರೆ ಹೇಳುವ ಮಂಚಣ್ಣನನ್ನು ಜನರು ‘ಕೊಂಡೆಯ ಮಂಚಣ್ಣ’, ‘ಕೊಂಡಿ ಮಂಚಣ್ಣ’ ಎಂದೇ ನೆನೆಯುತ್ತಾರೆ. ಆಡಿದ ಚಾಡಿಯೇ ಅವನ ಹೆಸರಾಗಿ ಉಳಿಯಿತು.

ಸಂಸ್ಕೃತದ ಅಮರಕೋಶವು ಇದೇ ಅರ್ಥದಲ್ಲಿ ‘ಪಿಶುನ’, ‘ಸೂಚಕ’ ಎಂಬ ಪದಗಳೊಡನೆ ‘ಕರ್ಣೇಜಪ’ ಎಂಬುದನ್ನೂ ಕೊಡುತ್ತದೆ. ಕಿವಿಯಲ್ಲಿ ಜಪಿಸುವವನು ಎಂದು ಅದರ ಅರ್ಥ. ಗುರುವು ಶಿಷ್ಯನಿಗೆ ಮಂತ್ರವನ್ನು ಅನುಗ್ರಹಿಸುವುದೂ ಕಿವಿಯಲ್ಲಿಯೇ. ಅದೇ ಕಿವಿಯನ್ನು ಕೊಂಡೆಗನಿಗೂ ತೆರೆದಿಡುವುದು ತರವೇ ಎಂದು ನಾವು ಯೋಚಿಸಬೇಕು.

ಬಳಕೆಯಲ್ಲಿ ಕೆಲವು ಭೇದಗಳನ್ನು ಗಮನಿಸಬೇಕು. ಹರಟೆಯಲ್ಲಿ ಕೇಡಿನ ಉದ್ದೇಶವಿಲ್ಲ. ಗಾಳಿಮಾತಿಗೆ ಹೇಳಿದವರು ಯಾರೆಂಬ ಗುರುತಿಲ್ಲ. ನಿಂದೆಯನ್ನು ಎದುರಿನಲ್ಲಿಯೂ ಆಡಬಹುದು. ಕೊಂಡೆಯಕ್ಕೆ ಮಾತ್ರ ಮೂವರು ಬೇಕು: ಹೇಳುವವನು, ಕೇಳುವವನು, ಅಲ್ಲಿಲ್ಲದವನು. ಆದುದರಿಂದ ನಡೆದ ಅನ್ಯಾಯವನ್ನು ತಿದ್ದಬೇಕಾದವರ ಮುಂದೆ ತನ್ನ ಹೆಸರಿಟ್ಟು ಹೇಳುವವನನ್ನು ಕೊಂಡೆಗನೆಂದು ಕರೆದು ಬಾಯಿ ಮುಚ್ಚಿಸುವುದು ಈ ಪದದ ದುರುಪಯೋಗವಾಗುತ್ತದೆ.

ಕನ್ನಡದ ನುಡಿಗಟ್ಟುಗಳು ಕೇಳುವವನನ್ನೂ ಬಿಟ್ಟಿಲ್ಲ. ಚಾಡಿ ಹೇಳುವುದು ‘ಕಿವಿ ಊದುವುದು’ ಆದರೆ, ಹೇಳಿದ್ದನ್ನೆಲ್ಲ ನಂಬುವವನದು ‘ಹಿತ್ತಾಳೆ ಕಿವಿ’. ಅಣ್ಣತಮ್ಮಂದಿರ ನಡುವೆ, ಅತ್ತೆಸೊಸೆಯರ ನಡುವೆ, ಊರಿನ ಓಣಿಗಳ ನಡುವೆ ಬಿದ್ದ ಎಷ್ಟೋ ಬಿರುಕುಗಳಿಗೆ ಕೊಂಡೆಗನ ನಾಲಿಗೆಯಷ್ಟೇ ಈ ಕಿವಿಯೂ ಕಾರಣ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇರುವುದು ಇಂಥ ಕಿವಿಗಾಗಿಯೇ. ಇಲ್ಲದವರ ಮೇಲೆ ದೂರು ಬಂದಾಗ, ‘ಅವರನ್ನೂ ಕರೆಯೋಣ, ಅವರೆದುರಿಗೇ ಹೇಳಿ’ ಎನ್ನುವುದು ಯಾರಿಗೂ ಸಾಧ್ಯವಾದ ಕೆಲಸ. ಕೇಳುವ ಕಿವಿ ಇಲ್ಲದಿದ್ದಲ್ಲಿ ಕೊಂಡೆಯ ಬಾಳದು.