ಮನೆಯ ಹಿತ್ತಲಿನಲ್ಲಿ ಕೊಡಗಿನ ಕಿತ್ತಳೆ: ಸಸಿಯ ಆಯ್ಕೆ, ನಾಟಿ ಮತ್ತು ರೋಗ ನಿರ್ವಹಣೆ

ಭೌಗೋಳಿಕ ಸೂಚಕ ನೋಂದಣಿ ಪಡೆದಿರುವ ಕೊಡಗಿನ ಕಿತ್ತಳೆಯು ಸಡಿಲವಾದ ಸಿಪ್ಪೆ ಹಾಗೂ ಹುಳಿಮಿಶ್ರಿತ ಸಿಹಿರುಚಿಗೆ ಹೆಸರಾಗಿದೆ. ಕೊಡಗು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ತಂಪು ಪ್ರದೇಶಗಳಲ್ಲಿ ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ ಈ ಮರಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ಗ್ರೀನಿಂಗ್ ರೋಗ, ಬೇರುಕೊಳೆ ಮೊದಲಾದ ಕಾರಣಗಳಿಂದ ಅಪಾರ ಸಂಖ್ಯೆಯಲ್ಲಿ ನಾಶವಾದವು. ಗ್ರೀನಿಂಗ್ ತಗುಲಿದ ಮರವನ್ನು ಗುಣಪಡಿಸುವ ಔಷಧವಿಲ್ಲ. ಆದುದರಿಂದ ಒಂದೆರಡು ಗಿಡಗಳನ್ನು ಮಾತ್ರ ಬೆಳೆಸುವವರೂ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಅಗತ್ಯ.

1. ಸ್ಥಳ ಮತ್ತು ಮಣ್ಣು
ನೀರು ಬಸಿದುಹೋಗುವ, ಸ್ವಲ್ಪ ಹುಳಿಗುಣವುಳ್ಳ ಗೋಡುಮಣ್ಣು ಉತ್ತಮ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಪ್ರದೇಶವು ಸೂಕ್ತವಲ್ಲ.

2. ಸಸಿಯ ಆಯ್ಕೆ
ಬೀಜದಿಂದ ಬೆಳೆದ ಗಿಡವು ಫಲ ನೀಡಲು 6-7 ವರ್ಷ ಬೇಕಾಗುತ್ತದೆ. ಕಣ್ಣು ಕಸಿ ಮಾಡಿದ ಗಿಡವು 3-4 ವರ್ಷಗಳಲ್ಲಿ ಫಲ ನೀಡಲಾರಂಭಿಸುತ್ತದೆ. ಆದರೆ ರೋಗಪೀಡಿತ ಮರದಿಂದ ತೆಗೆದ ಕಣ್ಣಿನ ಮೂಲಕವೇ ಗ್ರೀನಿಂಗ್ ಹರಡುವುದರಿಂದ, ತಾಯಿಮರದ ಮಾಹಿತಿಯಿಲ್ಲದ ಸಸಿಗಳನ್ನು ಸಂತೆಯಲ್ಲಾಗಲಿ, ಅಪರಿಚಿತ ಮಾರಾಟಗಾರರಿಂದಾಗಲಿ ಖರೀದಿಸಬಾರದು.

3. ನಾಟಿ
60 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿ ತೋಡಿ, ಮೇಲ್ಮಣ್ಣಿನೊಂದಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಮುಂಗಾರಿನ ಆರಂಭದಲ್ಲಿ ಅಥವಾ ಮಳೆಯ ರಭಸ ಇಳಿದ ನಂತರ ನಾಟಿ ಮಾಡಬಹುದು. ಗಿಡಗಳ ನಡುವೆ 6 ಮೀಟರ್ ಅಂತರವಿರಲಿ. ಕಸಿ ಕೂಡಿದ ಭಾಗವು ನೆಲಮಟ್ಟದಿಂದ ಕನಿಷ್ಠ 15 ಸೆಂ.ಮೀ. ಮೇಲಿರತಕ್ಕದ್ದು. ಈ ಭಾಗ ಮಣ್ಣಿನಲ್ಲಿ ಹೂತುಹೋದಲ್ಲಿ ಬುಡಕೊಳೆ ಬರುವ ಸಂಭವ ಹೆಚ್ಚು.

4. ಗ್ರೀನಿಂಗ್ ರೋಗದ ಗುರುತು
ಎಲೆಯ ನಡುನರದ ಎರಡೂ ಬದಿಗಳಲ್ಲಿ ಹಳದಿ ಮಚ್ಚೆಗಳು ಒಂದಕ್ಕೊಂದು ಹೊಂದದೆ ಅಸಮವಾಗಿ ಕಾಣಿಸಿಕೊಳ್ಳುತ್ತವೆ. ಪೋಷಕಾಂಶಗಳ ಕೊರತೆಯಲ್ಲಿ ಹಳದಿ ಬಣ್ಣವು ಸಾಮಾನ್ಯವಾಗಿ ಎರಡೂ ಬದಿಗೆ ಸಮವಾಗಿರುತ್ತದೆ. ರೋಗ ತಗುಲಿದ ಮರದ ಹಣ್ಣುಗಳು ಸಣ್ಣದಾಗಿ, ಸೊಟ್ಟಗಾಗಿ, ತಳಭಾಗದಲ್ಲಿ ಹಸಿರಾಗಿಯೇ ಉಳಿಯುತ್ತವೆ. ಸಿಲ್ಲಾ ಎಂಬ ಸಣ್ಣ ಕೀಟವು ರೋಗವನ್ನು ಮರದಿಂದ ಮರಕ್ಕೆ ಹರಡುತ್ತದೆ. ಈ ಕೀಟವು ಕರಿಬೇವಿನ ಗಿಡದಲ್ಲಿಯೂ ಆಶ್ರಯ ಪಡೆಯುವುದರಿಂದ ಕಿತ್ತಳೆಯ ಸಮೀಪದಲ್ಲಿ ಕರಿಬೇವು ಬೆಳೆಸದಿರುವುದು ಒಳಿತು. ರೋಗವು ದೃಢಪಟ್ಟ ಮರವನ್ನು ಉಳಿಸಿಕೊಂಡಲ್ಲಿ ನೆರೆಹೊರೆಯವರ ಮರಗಳಿಗೂ ಅಪಾಯವಾಗುವುದರಿಂದ ಅದನ್ನು ಬುಡಸಮೇತ ತೆಗೆಯತಕ್ಕದ್ದು.

5. ಬುಡಕೊಳೆಯ ತಡೆ
ನೀರು ಕಾಂಡಕ್ಕೆ ತಾಗದಂತೆ ಪಾತಿಯನ್ನು ಬುಡದಿಂದ ಹೊರಕ್ಕೆ ಇಳಿಜಾರಾಗಿ ಮಾಡಬೇಕು. ಮಳೆಗಾಲಕ್ಕೆ ಮುನ್ನ ಬುಡದ ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಇದಕ್ಕೆ 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಬಳಸಬಾರದು.

6. ಕೊಯ್ಲು
ಹೂ ಬಿಟ್ಟ ಸುಮಾರು 8-9 ತಿಂಗಳಲ್ಲಿ ಹಣ್ಣು ಬಲಿಯುತ್ತದೆ. ಎಳೆದು ಕಿತ್ತಲ್ಲಿ ಸಿಪ್ಪೆ ಹರಿದು ಹಣ್ಣು ಬೇಗ ಕೊಳೆಯುವುದರಿಂದ ತೊಟ್ಟಿನ ಸಮೇತ ಕತ್ತರಿಸಬೇಕು.

ಸಾರ್ವಜನಿಕರ ಗಮನಕ್ಕೆ
ಸಸಿಗಳ ಲಭ್ಯತೆ, ದರ ಹಾಗೂ ಸಹಾಯಧನದ ಅರ್ಹತೆಯ ಬಗ್ಗೆ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಮಳೆಗಾಲಕ್ಕೆ ಸಾಕಷ್ಟು ಮುಂಚಿತವಾಗಿ ಬೇಡಿಕೆ ಸಲ್ಲಿಸುವುದು ಸೂಕ್ತ. ರೋಗದ ಅನುಮಾನವಿದ್ದಲ್ಲಿ ಎಲೆ ಮತ್ತು ಹಣ್ಣಿನ ಛಾಯಾಚಿತ್ರಗಳನ್ನು ಕಚೇರಿಗೆ ತೋರಿಸಿ ಸಲಹೆ ಪಡೆಯಿರಿ. ಗಿಡದ ಭಾಗಗಳನ್ನು ಬೇರೆ ಊರಿಗೆ ಸಾಗಿಸಬೇಡಿ. ಕೊಡಗು ಜಿಲ್ಲೆಯವರು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವನ್ನೂ ಸಂಪರ್ಕಿಸಬಹುದು.