ಸೋಸುಹಾಳೆಯ ಆಚೆ ಈಚೆ

ಗರ್ಭದಲ್ಲಿ ಮೂತ್ರಪಿಂಡ ಹೇಗೆ ರೂಪುಗೊಳ್ಳುತ್ತದೆ ಎಂದು ಕೇಳಿದರೆ ಇಂದಿನ ವೈದ್ಯಕೀಯ ಪಠ್ಯಗಳು ಪ್ರೋಟೀನುಗಳ ಹೆಸರುಗಳನ್ನು ಸಾಲಾಗಿ ಹೇಳುತ್ತವೆ: ಜಿಡಿಎನ್‌ಎಫ್, ವಿಂಟ್-9ಬಿ, ವಿಂಟ್-4, ಎಫ್‌ಜಿಎಫ್, ಬಿಎಂಪಿ-7. ಒಂದು ಕೋಶ ಹೊರಸೂಸಿ ಇನ್ನೊಂದು ಕೋಶದ ನಡೆಯನ್ನು ಬದಲಿಸುವ ಇವೇ ಬೆಳವಣಿಗೆಯ ಅಂಶಗಳು. ಇವುಗಳಲ್ಲಿ ಹೆಚ್ಚಿನವುಗಳ ಪಾತ್ರ ತಿಳಿದದ್ದು 1990ರ ದಶಕದಿಂದ ಈಚೆಗೆ. ಆದ್ದರಿಂದ ಈ ತಿಳಿವಳಿಕೆಯೆಲ್ಲ ಜೀನ್ ತಂತ್ರಜ್ಞಾನದ ಕೊಡುಗೆ ಎಂಬ ನಂಬಿಕೆ ಬೇರೂರಿದೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಜೀನ್ ತಂತ್ರಜ್ಞಾನ ಕೊಟ್ಟದ್ದು ಉತ್ತರವನ್ನು. ಆ ಉತ್ತರಕ್ಕೆ ಅರ್ಥ ಕೊಟ್ಟ ಪ್ರಶ್ನೆ ಹುಟ್ಟಿದ್ದು ಅದಕ್ಕೂ ನಲವತ್ತು ವರ್ಷ ಹಿಂದೆ, ಭ್ರೂಣದ ಅಂಗಾಂಶದ ಚೂರುಗಳನ್ನು ಗಾಜಿನ ತಟ್ಟೆಯಲ್ಲಿ ಬದುಕಿಸಿಟ್ಟು ನೋಡುವ ಕಸುಬಿನಲ್ಲಿ. ಆ ಕಸುಬನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯವಾಗುವುದಷ್ಟೇ ಅಲ್ಲ, ಈ ಪ್ರೋಟೀನುಗಳನ್ನೂ ನಾವು ತಪ್ಪಾಗಿ ಅರ್ಥಮಾಡಿಕೊಳ್ಳುತ್ತೇವೆ.

ಮನುಷ್ಯ ಭ್ರೂಣದಲ್ಲಿ ಐದನೆಯ ವಾರದ ಹೊತ್ತಿಗೆ, ಇಲಿಯ ಭ್ರೂಣದಲ್ಲಿ ಸುಮಾರು ಹನ್ನೊಂದನೆಯ ದಿನ, ಒಂದು ನಾಳದಿಂದ ಮೊಗ್ಗು ಹೊರಟು ಪಕ್ಕದ ಸಡಿಲ ಅಂಗಾಂಶದೊಳಗೆ ನುಗ್ಗುತ್ತದೆ. ಮೊಗ್ಗು ಕವಲೊಡೆಯುತ್ತ ಮೂತ್ರವನ್ನು ಒಯ್ಯುವ ನಾಳಗಳ ಜಾಲವಾಗುತ್ತದೆ. ಸುತ್ತಲಿನ ಅಂಗಾಂಶ ಒತ್ತಾಗಿ ಸೇರಿ ರಕ್ತ ಶೋಧಿಸುವ ನೆಫ್ರಾನುಗಳಾಗುತ್ತದೆ. ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ 1950ರ ದಶಕದಲ್ಲಿ ಇಲಿಯ ಭ್ರೂಣದಿಂದ ಇವೆರಡನ್ನೂ ಬಿಡಿಸಿ ಬೇರೆ ಬೇರೆಯಾಗಿ ಬೆಳೆಸಲು ನೋಡಿದರು. ಬೇರ್ಪಟ್ಟ ಮೊಗ್ಗು ಕವಲೊಡೆಯಲಿಲ್ಲ, ಬೇರ್ಪಟ್ಟ ಅಂಗಾಂಶ ನೆಫ್ರಾನ್ ಕಟ್ಟಲಿಲ್ಲ. ಎರಡರ ನಡುವೆ ಸೂಕ್ಷ್ಮ ರಂಧ್ರಗಳ ತೆಳು ಸೋಸುಹಾಳೆಯೊಂದನ್ನಿಟ್ಟು ಮತ್ತೆ ಎದುರುಬದುರಾಗಿಸಿದಾಗ, ಕೋಶಗಳು ಹಾಳೆ ದಾಟದಿದ್ದರೂ, ಆಚೆ ಬದಿಯಲ್ಲಿ ಕಿರುನಾಳಗಳು ಮೂಡಿದವು. ಭ್ರೂಣದ ಬೆನ್ನುಹುರಿಯ ತುಂಡನ್ನು ಮೊಗ್ಗಿನ ಬದಲಿಗೆ ಇಟ್ಟರೂ ಅದೇ ಫಲ ಸಿಕ್ಕಿತು, ಅದೂ ಇನ್ನಷ್ಟು ಬಲವಾಗಿ. ಮೂತ್ರಪಿಂಡಕ್ಕೆ ಸಂಬಂಧವೇ ಇಲ್ಲದ ಬೆನ್ನುಹುರಿಗೆ ಈ ಶಕ್ತಿ ಎಲ್ಲಿಂದ ಬಂತೆಂಬುದು ಮುಂದಿನ ನಾಲ್ಕು ದಶಕ ಬಿಡಿಸಲಾಗದ ಒಗಟಾಗಿ ಉಳಿಯಿತು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೌರಿ ಸಾಕ್ಸೆನ್ ಮತ್ತು ಅವರ ಸಹೋದ್ಯೋಗಿಗಳು ಈ ಒಗಟನ್ನು ಪಟ್ಟು ಬಿಡದೆ ಬೆನ್ನಟ್ಟಿದರು. ಹಾಳೆಯ ಮೂಲಕ ದಾಟುವುದು ದ್ರವದಲ್ಲಿ ಹರಡುವ ವಸ್ತುವೋ, ಅಥವಾ ಕೋಶಕ್ಕೆ ಕೋಶ ತಾಗಲೇಬೇಕೋ ಎಂಬುದು ಅವರ ಪ್ರಶ್ನೆ. ಸಮನಾದ, ನೇರ ರಂಧ್ರಗಳುಳ್ಳ ಹೊಸ ಸೋಸುಹಾಳೆಗಳು 1970ರ ದಶಕದಲ್ಲಿ ಸಿಕ್ಕ ಮೇಲೆ ಅವರು ರಂಧ್ರದ ಅಳತೆಯನ್ನು ಹಂತಹಂತವಾಗಿ ಕಿರಿದುಗೊಳಿಸುತ್ತ ಹೋದರು. ನೆಫ್ರಾನ್ ಮೂಡಿದ ಕಡೆಯಲ್ಲೆಲ್ಲ ಕೋಶಗಳ ಸಣ್ಣ ಚಾಚುಗಳು ರಂಧ್ರದೊಳಕ್ಕೆ ಇಳಿದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಚಾಚುಗಳು ತೂರಲಾಗದಷ್ಟು ರಂಧ್ರ ಕಿರಿದಾದಾಗ ನೆಫ್ರಾನ್ ಮೂಡಲಿಲ್ಲ. ಪ್ರೇರಣೆ ತೀರ ಹತ್ತಿರದ್ದು, ದೂರ ಸಾಗುವಂಥದ್ದಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಮೂತ್ರಪಿಂಡದ ರಚನೆಯ ಬಗ್ಗೆ ಸಾಕ್ಸೆನ್ 1987ರಲ್ಲಿ ಗ್ರಂಥವನ್ನು ಪ್ರಕಟಿಸಿದಾಗಲೂ ಆ ಪ್ರೇರಕ ವಸ್ತು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅದರ ಸ್ವಭಾವ ಗೊತ್ತಾಗಿತ್ತು.

ಹೆಸರುಗಳು ಬಂದದ್ದು ಅನಂತರ, ಅದೂ ಅನಿರೀಕ್ಷಿತ ದಿಕ್ಕುಗಳಿಂದ. 1993ರಲ್ಲಿ ಜಿಡಿಎನ್‌ಎಫ್ ಪ್ರೋಟೀನನ್ನು ಕಂಡುಹಿಡಿದವರು ಮೂತ್ರಪಿಂಡವನ್ನು ಗಮನದಲ್ಲಿಟ್ಟುಕೊಂಡವರಲ್ಲ, ಪಾರ್ಕಿನ್ಸನ್ ರೋಗದಲ್ಲಿ ಸಾಯುವ ನರಕೋಶಗಳನ್ನು ಉಳಿಸುವ ದಾರಿ ಹುಡುಕುತ್ತಿದ್ದವರು. 1996ರಲ್ಲಿ ಮೂರು ತಂಡಗಳು ಆ ಜೀನ್ ಇಲ್ಲದ ಇಲಿಗಳನ್ನು ಪಡೆದಾಗ ಅವುಗಳ ಮಿದುಳಿನ ಆ ನರಕೋಶಗಳು ಬಹುತೇಕ ಸರಿಯಾಗಿಯೇ ಇದ್ದವು. ಇಲ್ಲದೆ ಹೋದದ್ದು ಮೂತ್ರಪಿಂಡ. ಸಡಿಲ ಅಂಗಾಂಶ ಸೂಸುವ ಜಿಡಿಎನ್‌ಎಫ್, ನಾಳದ ಕೋಶಗಳ ಮೇಲಿರುವ ರೆಟ್ ಎಂಬ ಗ್ರಾಹಕವನ್ನು ಚುರುಕುಗೊಳಿಸಿ ಮೊಗ್ಗನ್ನು ಕರೆಯುತ್ತದೆ. ಮೊಗ್ಗು ಹಿಂದಿರುಗಿಸುವ ಸಂದೇಶ ವಿಂಟ್-9ಬಿ ಎಂದು 2005ರಲ್ಲಿ ತಿಳಿಯಿತು. ಅದರಿಂದ ಎಚ್ಚೆತ್ತ ಅಂಗಾಂಶ ತಾನೇ ವಿಂಟ್-4 ತಯಾರಿಸಿಕೊಂಡು ನೆಫ್ರಾನ್ ಕಟ್ಟುತ್ತದೆ. ವಿಂಟ್ ಪ್ರೋಟೀನುಗಳಿಗೆ ಕೊಬ್ಬಿನ ಕಣವೊಂದು ಅಂಟಿಕೊಂಡಿರುವುದರಿಂದ ಅವು ದ್ರವದಲ್ಲಿ ಸುಲಭವಾಗಿ ಹರಡುವುದಿಲ್ಲ, ಹತ್ತಿರದ ಕೋಶಗಳನ್ನಷ್ಟೇ ತಲುಪುತ್ತವೆ. ಹೆಲ್ಸಿಂಕಿಯವರು ರಂಧ್ರ ಅಳೆದು ಹೇಳಿದ್ದಕ್ಕೆ ಇದು ರಸಾಯನಶಾಸ್ತ್ರದ ಸಾಕ್ಷ್ಯ. ಭ್ರೂಣದ ಬೆನ್ನುಹುರಿಯೂ ವಿಂಟ್ ಪ್ರೋಟೀನುಗಳನ್ನು ಸೂಸುತ್ತದೆ. ಗ್ರೋಬ್‌ಸ್ಟೈನರ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

ನಲವತ್ತು ವರ್ಷ ಹುಡುಕಿಯೂ ಒಂದೇ ಒಂದು ಪ್ರೇರಕ ವಸ್ತುವನ್ನು ಬೇರ್ಪಡಿಸಲಾಗದ ಕಸುಬನ್ನು ಇಷ್ಟು ಹೊಗಳಬೇಕೆ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ: ತಟ್ಟೆಯಲ್ಲಿರುವ ಚೂರಿನಿಂದ ಲೇಶಮಾತ್ರದ, ಅಂಟುವ ಪ್ರೋಟೀನನ್ನು ಶುದ್ಧೀಕರಿಸುವುದು ಆಗದ ಕೆಲಸವಾಗಿತ್ತು. ಆದರೆ ಮೂತ್ರಪಿಂಡವಿಲ್ಲದ ಇಲಿ ಹೇಳುವುದು ಇಷ್ಟೇ: ಈ ಜೀನ್ ಬೇಕು. ಯಾರು ಯಾರಿಗೆ, ಯಾವಾಗ ಸಂದೇಶ ಕಳಿಸಿದರೆಂದು ಅದು ಹೇಳದು. ಜಿಡಿಎನ್‌ಎಫ್ ಸವರಿದ ಮಣಿಯನ್ನು ತಟ್ಟೆಯಲ್ಲಿ ನಾಳದ ಪಕ್ಕ ಇಟ್ಟು, ಅದರತ್ತ ಮೊಗ್ಗು ಹೊರಡುವುದನ್ನು ಕಂಡಾಗಲೇ ಆ ಕರೆ ಸಾಬೀತಾಯಿತು. 2014ರಲ್ಲಿ ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಮನುಷ್ಯರ ಕಾಂಡಕೋಶಗಳಿಂದ ನೆಫ್ರಾನಿನ ಪೂರ್ವಕೋಶಗಳನ್ನು ಪಡೆದ ಮೇಲೆ, ಅವುಗಳನ್ನು ನೆಫ್ರಾನಾಗಿಸಲು ಪಕ್ಕದಲ್ಲಿಟ್ಟದ್ದೂ ಇಲಿ ಭ್ರೂಣದ ಬೆನ್ನುಹುರಿಯನ್ನೇ.

ಇಲಿಯ ಕಥೆ ಮನುಷ್ಯನಿಗೆ ಹೊಂದುವುದೇ ಎಂಬುದು ಇನ್ನೊಂದು ಆಕ್ಷೇಪ. ಪೂರ್ತಿಯಾಗಿ ಹೊಂದುವುದಿಲ್ಲ. ಇಲಿಯಲ್ಲಿ ಹುಟ್ಟಿದ ಮೇಲೂ ಕೆಲವು ದಿನ ನೆಫ್ರಾನ್ ಮೂಡುತ್ತವೆ. ನಮ್ಮಲ್ಲಿ ಗರ್ಭದ ಸುಮಾರು 36ನೆಯ ವಾರಕ್ಕೆ ಆ ಕೆಲಸ ಮುಗಿದು, ಮುಂದೆ ಹೊಸದೊಂದೂ ಹುಟ್ಟುವುದಿಲ್ಲ. ಆದರೂ ಮೂಲ ವ್ಯವಸ್ಥೆ ಒಂದೇ ಎನ್ನಲು ಪುರಾವೆಯಿದೆ: ಮೂತ್ರಪಿಂಡಗಳಿಲ್ಲದೆ ಗರ್ಭದಲ್ಲೇ ತೀರಿಕೊಂಡ ಶಿಶುಗಳಲ್ಲಿ ಕೆಲವುಗಳಲ್ಲಿ ರೆಟ್ ಜೀನಿನ ದೋಷ ಕಂಡಿದೆ, ಎಫ್‌ಜಿಎಫ್-20 ಜೀನಿನ ದೋಷವಿದ್ದ ಕುಟುಂಬದಲ್ಲೂ ಇದೇ ಆಗಿದೆ.

ಹುಟ್ಟಿದ ಮೇಲೂ ಬೆಳವಣಿಗೆಯ ಅಂಶಗಳ ಕೆಲಸ ನಿಲ್ಲುವುದಿಲ್ಲ. ಅಲ್ಲಿಯೇ ಈ ಇತಿಹಾಸದ ಪಾಠ ಹೆಚ್ಚು ಬೇಕಾಗುತ್ತದೆ. ಶೋಧಕ ಗಂಟಿನ ಪೋಡೋಸೈಟ್ ಕೋಶಗಳು ಬದುಕಿನುದ್ದಕ್ಕೂ ವಿಇಜಿಎಫ್ ಎಂಬ ಅಂಶವನ್ನು ಸೂಸಿ ಪಕ್ಕದ ರಕ್ತನಾಳಗಳನ್ನು ಕಾಯುತ್ತವೆ. ಕ್ಯಾನ್ಸರಿಗೆಂದು ಅದನ್ನು ತಡೆಯುವ ಬೆವಸಿಜುಮ್ಯಾಬ್ ಔಷಧ ಪಡೆದ ಕೆಲವರ ಮೂತ್ರದಲ್ಲಿ ಪ್ರೋಟೀನ್ ಸೋರುವುದು ಇದರಿಂದಲೇ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಅಂಶವನ್ನು ತಡೆದರೆ ಇಲಿಜಾತಿಯ ಪ್ರಾಣಿಗಳ ಮೂತ್ರಪಿಂಡದಲ್ಲಿ ಗಾಯದ ನಾರು ಕಡಿಮೆಯಾಗುತ್ತದೆಂದು 1990ರಲ್ಲಿ ತಿಳಿಯಿತು. ಆದರೆ ಟಿಜಿಎಫ್-ಬೀಟಾ-1 ಇಲ್ಲದೆ ಹುಟ್ಟಿದ ಇಲಿಗಳು ಮೈತುಂಬ ಉರಿಯೂತ ಹಬ್ಬಿ ಸತ್ತವು. ಆದ್ದರಿಂದ ಒಂದು ಬೆಳವಣಿಗೆಯ ಅಂಶವನ್ನು ಒಳ್ಳೆಯದು, ಕೆಟ್ಟದು ಎಂದು ವಿಂಗಡಿಸಿ ಚುಚ್ಚುಮದ್ದಾಗಿ ಕೊಡುವ ಅಥವಾ ತಡೆಯುವ ಯೋಚನೆ ಸಾಲದು. ಯಾವ ಕೋಶ ಸೂಸಿತು, ಯಾವುದು ಕೇಳಿಸಿಕೊಂಡಿತು, ಎಷ್ಟು ಹತ್ತಿರದಿಂದ, ಯಾವ ಹೊತ್ತಿನಲ್ಲಿ ಎಂದು ವಿಚಾರಿಸಬೇಕು. ಹಾಗೆ ವಿಚಾರಿಸುವುದನ್ನು ವೈದ್ಯವಿಜ್ಞಾನಕ್ಕೆ ಕಲಿಸಿದ್ದು ಎರಡು ಚೂರು ಅಂಗಾಂಶಗಳ ನಡುವೆ ಹಾಳೆಯಿಟ್ಟು ಕಾದು ನೋಡಿದ ಆ ತಾಳ್ಮೆಯ ಕೆಲಸ. ಕಳೆದುಕೊಂಡ ನೆಫ್ರಾನ್ ಮರಳಿ ಬಾರದ ನಮ್ಮಂಥ ಜೀವಿಗಳಿಗೆ ಮೂತ್ರಪಿಂಡವನ್ನು ಉಳಿಸುವ ಔಷಧ ಸಿಗುವುದಾದರೆ, ಅದು ಈ ಪ್ರಶ್ನೆಗಳನ್ನು ಬಿಡದೆ ಕೇಳುವವರಿಗೇ ಸಿಗುತ್ತದೆ.