ಹಳೇ ಕಾರು ಕಬ್ಬಿಣ, ಹೊಸ ಕಾರು ತಗಡು ಅಂತೀರಾ? ತೂಕ ಹಾಕಿ ನೋಡಿ

ಗ್ಯಾರೇಜಿನ ಮುಂದೆ ನಾಲ್ಕು ಜನ ನಿಂತರೆ ಒಂದು ಮಾತು ಬಂದೇ ಬರುತ್ತದೆ: "ಆಗಿನ ಕಾರು ಅಂದ್ರೆ ಗಟ್ಟಿ ಕಬ್ಬಿಣ ಕಣ್ರೀ, ಈಗಿನವೆಲ್ಲ ಬರೀ ತಗಡು." ಅಂಬಾಸಿಡರ್ ಬಾಗಿಲು ಹಾಕಿದಾಗಿನ ಸದ್ದು ನೆನಪಿದ್ದವರು ಇದನ್ನು ಒಪ್ಪುತ್ತಾರೆ. ಆದರೆ ತೂಕದ ಲೆಕ್ಕ ಬೇರೆಯೇ ಇದೆ. ಪ್ರೀಮಿಯರ್ ಪದ್ಮಿನಿಯ ತೂಕ 895 ಕೆಜಿ. ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಅಂಬಾಸಿಡರ್ ಕೂಡ 1,100 ಕೆಜಿಯ ಆಸುಪಾಸು. ಇವತ್ತು ಮದುವೆ ದಿಬ್ಬಣಕ್ಕೆ, ಧರ್ಮಸ್ಥಳಕ್ಕೆ ಬಾಡಿಗೆಗೆ ಕರೆಯುವ ಇನೋವಾ ಕ್ರಿಸ್ಟಾ ಸುಮಾರು 1,800 ಕೆಜಿ ತೂಗುತ್ತದೆ. ಎರಡು ಪದ್ಮಿನಿಗಳ ಭಾರ ಒಂದೇ ಗಾಡಿಯಲ್ಲಿ!

ದೊಡ್ಡ ಸಂಸಾರ ಹೊರುವ ಗಾಡಿ ದಪ್ಪಗಾದರೆ ಅದಕ್ಕೊಂದು ಅರ್ಥವಿದೆ ಅನ್ನಬಹುದು. ಆಶ್ಚರ್ಯ ಇರುವುದು ಸ್ಪೋರ್ಟಿ ಕಾರುಗಳಲ್ಲಿ. ಹಗುರವಾಗಿರುವುದೇ ಅವುಗಳ ಗುಣವಾಗಿತ್ತು. ಅವೂ ಈಗ ಊದಿಕೊಂಡಿವೆ.

ಹಗುರ ಅಂದರೆ ಏನು ಲಾಭ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಯಮಹಾ ಆರ್‌ಎಕ್ಸ್ 100 ಒಂದೇ ಸಾಕು. 1985ರಿಂದ 1996ರವರೆಗೆ ಬಂದ ಆ ಬೈಕಿಗೆ 98 ಸಿಸಿ, 11 ಎಚ್‌ಪಿ ಶಕ್ತಿ. ಕಾಗದದ ಮೇಲೆ ಏನೂ ಅಲ್ಲ. ಆದರೆ ಬೈಕಿನ ತೂಕವೇ ನೂರು ಕೆಜಿಯ ಆಸುಪಾಸು. ಅದಕ್ಕೇ ಆಕ್ಸಿಲರೇಟರ್ ತಿರುವಿದ ಕೂಡಲೇ ಅದು ನೆಗೆಯುತ್ತಿತ್ತು, ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಕಾರಿಗೂ ಇದೇ ಲೆಕ್ಕ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ರ್‍ಯಾಲಿ ನಡೆಯುತ್ತದಲ್ಲ, ಅದಕ್ಕೆ ಕಾರು ತಯಾರು ಮಾಡುವವರು ಮೊದಲು ಕೈಹಾಕುವುದು ಹಿಂದಿನ ಸೀಟಿಗೆ, ಕಾರ್ಪೆಟ್ಟಿಗೆ. ಬೇಡದ ಭಾರವನ್ನೆಲ್ಲ ಕಿತ್ತು ಆಚೆ ಇಡುತ್ತಾರೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುವುದೂ, ಬ್ರೇಕ್ ಒತ್ತಿದರೂ ಮುಂದಕ್ಕೆ ತಳ್ಳುವುದೂ ಆ ಭಾರವೇ.

ಹೊರದೇಶದ ಹೆಸರುವಾಸಿ ಕಾರುಗಳನ್ನು ನೋಡಿ. 1976ರಲ್ಲಿ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸುಮಾರು 810 ಕೆಜಿ, 110 ಎಚ್‌ಪಿ. ಈಗಿನ ಅದೇ ಹೆಸರಿನ ಕಾರು 1,400 ಕೆಜಿ ದಾಟಿದೆ. 1964ರ ಪೋರ್ಶೆ 911 ಸುಮಾರು 1,080 ಕೆಜಿ ಇತ್ತು, ಈಗ 1,500ರ ಆಸುಪಾಸು. 1980ರ ದಶಕದ ಮೊದಲ ಬಿಎಂಡಬ್ಲ್ಯು ಎಂ5 ಸುಮಾರು 1,430 ಕೆಜಿ, ಬ್ಯಾಟರಿಯೂ ಇರುವ 2024ರ ಎಂ5 2,400 ಕೆಜಿ ಮೀರಿದೆ. ಅದರ ಮೇಲೆ ಸುಮಾರು ಒಂದೂವರೆ ಮಾರುತಿ 800 ಹೊರಿಸಿದಷ್ಟು ಹೆಚ್ಚಿನ ಭಾರ. ಎಂಜಿನ್ ಶಕ್ತಿ ಅದಕ್ಕಿಂತ ಜೋರಾಗಿ ಏರಿರುವುದರಿಂದ ಇವು ಹಳೆಯವಕ್ಕಿಂತ ವೇಗವಾಗಿಯೇ ಓಡುತ್ತವೆ, ಅದು ನಿಜ. ಆದರೆ ಅದು ಹಗುರ ಮೈಯ ಓಟವಲ್ಲ, ಬಲವಂತದ ಓಟ.

ನಮ್ಮಲ್ಲಿ ಕಾರಿನ ಕನಸು ಶುರುವಾದದ್ದಕ್ಕೂ ಭದ್ರಾವತಿಗೂ ನಂಟಿದೆ. 1923ರ ಜನವರಿಯಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯಿತು. ಮಲೆನಾಡಿನ ಕಾಡಿನ ಸೌದೆಯ ಇದ್ದಿಲಿನಿಂದ ಕುಲುಮೆ ಉರಿಯುತ್ತಿತ್ತು. ಕಾರ್ಖಾನೆಯ ಬೆನ್ನಿಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅದೇ ವಿಶ್ವೇಶ್ವರಯ್ಯ 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಬೆಂಗಳೂರಿನಲ್ಲೇ ಕಾರ್ಖಾನೆ ಹಾಕುವ ಮಾತು ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಬೊಂಬಾಯಿಯಲ್ಲಿ ಹುಟ್ಟಿತು. ಮುಂದೆ ಫಿಯೆಟ್, ಆಮೇಲೆ ಪದ್ಮಿನಿ ಮಾಡಿದ್ದು ಅದೇ ಕಂಪನಿ. ಮೇಲೆ ಹೇಳಿದ 895 ಕೆಜಿಯ ಕಾರಿನ ಹಿಂದೆ ಭದ್ರಾವತಿಯ ಕುಲುಮೆ ಹೊತ್ತಿಸಿದ ಮನುಷ್ಯನ ಆಸೆಯೂ ಇತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 796 ಸಿಸಿ, ತೂಕ 650 ಕೆಜಿ ಆಸುಪಾಸು. ಅಂಬಾಸಿಡರ್ ಓಡಿಸಿ ಅಭ್ಯಾಸವಾದವರಿಗೆ ಅದೇ ಸ್ಪೋರ್ಟಿ ಕಾರು. ಆಮೇಲೆ 1993ರಲ್ಲಿ ಝೆನ್, 2005ರಲ್ಲಿ ಸ್ವಿಫ್ಟ್. ಮೊದಲ ಸ್ವಿಫ್ಟ್ ಹೊತ್ತಿಗೆ ತೂಕ ಸಾವಿರ ಕೆಜಿ ಮುಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಚಿಕ್ಕ ಕಾರು ಒಂದೂವರೆ ಪಟ್ಟು ಭಾರವಾಯಿತು.

ಯಾಕೆ ಹೀಗಾಯಿತು? ಎಲ್ಲದಕ್ಕೂ ಶೋಕಿಯೇ ಕಾರಣ ಅಂದರೆ ಅನ್ಯಾಯವಾಗುತ್ತದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡಿದಾಗ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಅವುಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. 2019ರಿಂದ ಎಬಿಎಸ್ ಬ್ರೇಕ್, ಡ್ರೈವರ್ ಏರ್‌ಬ್ಯಾಗ್, ಗುದ್ದುವ ಪರೀಕ್ಷೆ ಎಲ್ಲ ಕಡ್ಡಾಯವಾದವು. ಬಾಗಿಲೊಳಗೆ ಉಕ್ಕಿನ ತೊಲೆ, ಗಟ್ಟಿ ಕಂಬಗಳು ಬಂದವು. ಅಷ್ಟು ಭಾರ ಜೀವ ಉಳಿಸುವ ಭಾರ, ಅದರ ಬಗ್ಗೆ ತಕರಾರಿಲ್ಲ.

ತಕರಾರು ಉಳಿದದ್ದರ ಬಗ್ಗೆ. ಸನ್‌ರೂಫ್, ದೊಡ್ಡ ಸ್ಕ್ರೀನ್, ಮೋಟಾರಿನ ಸೀಟು, ಬಂಡಿ ಗಾಲಿಯಂಥ ದೊಡ್ಡ ಚಕ್ರ. ಒಂದು ಭಾರ ಇನ್ನೊಂದನ್ನು ಕರೆದು ತರುತ್ತದೆ. ಗಾಡಿ ಭಾರವಾದರೆ ಎಂಜಿನ್ ದೊಡ್ಡದಾಗಬೇಕು, ಎಂಜಿನ್ ದೊಡ್ಡದಾದರೆ ಬ್ರೇಕ್ ದೊಡ್ಡದು, ಅದಕ್ಕೆ ಟೈರ್ ಅಗಲ, ಅದನ್ನೆಲ್ಲ ಹೊರಲು ಚಾಸಿ ಇನ್ನೂ ಗಟ್ಟಿ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಸರ್ಕಾರದ ನಿಯಮಗಳ ಕೈವಾಡವೂ ಇದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಆಗಿನಿಂದ ಕಂಪನಿಗಳು ಕಾರನ್ನು ನಾಲ್ಕು ಮೀಟರ್ ಒಳಗೆ ತುರುಕಲು ಹೊರಟವು. 4,160 ಮಿ.ಮೀ. ಉದ್ದವಿದ್ದ ಡಿಸೈರ್ ಕಾರಿನ ಡಿಕ್ಕಿ ಕತ್ತರಿಸಿ 2012ರಲ್ಲಿ 3,995 ಮಿ.ಮೀ.ಗೆ ತಂದರು. ಉದ್ದಕ್ಕೆ ಬೇಲಿ ಬಿದ್ದ ಮೇಲೆ ಕಾರುಗಳು ಅಗಲಕ್ಕೂ ಎತ್ತರಕ್ಕೂ ಬೆಳೆದವು. ಹೊಗೆಯ ಮಿತಿಯ ನಿಯಮವಂತೂ ಇನ್ನೂ ವಿಚಿತ್ರ. ಕೆಫೆ ಎಂದು ಕರೆಯುವ ಆ ನಿಯಮದಲ್ಲಿ ಕಂಪನಿ ಮಾರುವ ಕಾರುಗಳ ಸರಾಸರಿ ತೂಕ ಹೆಚ್ಚಿದ್ದಷ್ಟೂ ಮಿತಿ ಸಡಿಲ. ಭಾರ ಇಳಿಸಿದವರಿಗೆ ಮಿತಿ ಬಿಗಿಯಾಗುತ್ತದೆ, ಏರಿಸಿದವರಿಗೆ ರಿಯಾಯಿತಿ ಸಿಗುತ್ತದೆ.

ಹಾಗಂತ ಹಗುರ ಮಾಡಲು ಬರುವುದೇ ಇಲ್ಲ ಅಂತಲ್ಲ. 2018ರ ಸ್ವಿಫ್ಟ್ ಹಳೆಯದಕ್ಕಿಂತ ಅಗಲವಾಗಿದ್ದರೂ 900 ಕೆಜಿಯೊಳಗೆ ಇಳಿಯಿತು. ಹೆಚ್ಚು ಬಲದ ಉಕ್ಕನ್ನು ತೆಳುವಾಗಿ ಬಳಸಿ ಅದನ್ನು ಸಾಧಿಸಿದರು. ಆದರೆ ಗುದ್ದುವ ಪರೀಕ್ಷೆಯಲ್ಲಿ ಅದಕ್ಕೆ ಎರಡೇ ಸ್ಟಾರ್ ಸಿಕ್ಕಿತು. ಅದೇ ವರ್ಷ ಅದಕ್ಕಿಂತ ಭಾರದ ನೆಕ್ಸಾನ್ ಐದು ಸ್ಟಾರ್ ಪಡೆಯಿತು. ಹಗುರವೂ ಗಟ್ಟಿಯೂ ಎರಡೂ ಬೇಕೆಂದರೆ ಒಳ್ಳೆಯ ಉಕ್ಕು ಬೇಕು, ಅದಕ್ಕೆ ದುಡ್ಡು ಬೇಕು.

ಒಳ್ಳೆಯ ಉಕ್ಕು ಅಂದಾಗ ಮತ್ತೆ ಭದ್ರಾವತಿಗೇ ಬರಬೇಕು. ವಿಐಎಸ್‌ಎಲ್ ಹೆಸರು ಮಾಡಿದ್ದು ಮಿಶ್ರಲೋಹದ ಉಕ್ಕಿಗೆ. ಕಾರಿನ ಮೈಯ ತಗಡಲ್ಲ, ತಿರುಗುವ, ಬಾಗುವ ಭಾರ ತಡೆಯುವ ಭಾಗಗಳಿಗೆ ಬೇಕಾಗುವ ಜಾತಿಯ ಉಕ್ಕು. ದೇಶದಲ್ಲಿ ಗಾಡಿಗಳು ವರ್ಷ ವರ್ಷ ಹೆಚ್ಚು ಉಕ್ಕು ನುಂಗುತ್ತಿದ್ದ ಕಾಲದಲ್ಲೇ, 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಒಂದು ಭಾಗ ಮತ್ತೆ ಚಾಲೂ ಆಯಿತು. ಉಕ್ಕಿಗೆ ಬೇಡಿಕೆ ಹೆಚ್ಚುವುದು ಬೇರೆ, ನಮ್ಮೂರ ಕಾರ್ಖಾನೆಗೆ ಬಂಡವಾಳವೂ ಅದಿರೂ ಸಿಗುವುದು ಬೇರೆ.

ಕರೆಂಟ್ ಕಾರು ಬಂದರೆ ಭಾರ ಇಳಿಯುತ್ತದೆಯೇ ಎಂದು ಕೇಳಬಹುದು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಹಾಗಿತ್ತು. 2.64 ಮೀಟರ್ ಉದ್ದ, ತೂಕ ಮುಕ್ಕಾಲು ಟನ್ನಿನೊಳಗೆ. ಜನ ಅದನ್ನು ನೋಡಿ ಆಟಿಕೆ ಅಂದರು. ಈಗಿನ ಕರೆಂಟ್ ಕಾರುಗಳು ಅದರ ದಾರಿ ಹಿಡಿಯಲಿಲ್ಲ. ದೂರ ಓಡಬೇಕು ಎಂದು ದೊಡ್ಡ ಬ್ಯಾಟರಿ ಹೊತ್ತು, ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರವಾಗಿಯೇ ಬರುತ್ತಿವೆ.

ಇದೆಲ್ಲ ಕಾರು ಕೊಳ್ಳುವವರ ತಲೆನೋವು, ನಮಗೇನು ಅನ್ನುವ ಹಾಗಿಲ್ಲ. ಗ್ರಾಮ ಸಡಕ್ ಯೋಜನೆಯ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೆಲವು ಕಡೆ ಮೂರೇ ಮೀಟರ್. ಮಾರುತಿ 800ರ ಅಗಲ 1.44 ಮೀಟರ್. ಎದುರುಬದುರು ಎರಡು ಬಂದರೆ 2.88 ಮೀಟರ್, ನಡುವೆ ಮುಕ್ಕಾಲು ಮೀಟರಿಗಿಂತ ಹೆಚ್ಚು ಜಾಗ ಉಳಿಯುತ್ತಿತ್ತು. ಬಿಡದಿಯಲ್ಲಿ ತಯಾರಾಗುವ ಈಗಿನ ಇನೋವಾ ಹೈಕ್ರಾಸ್ ಅಗಲ 1.85 ಮೀಟರ್. ಎರಡು ಎದುರಾದರೆ 3.70. ಉಳಿಯುವುದು ಐದು ಸೆಂಟಿಮೀಟರ್, ಅದೂ ಕನ್ನಡಿ ಲೆಕ್ಕ ಬಿಟ್ಟು. ಯಾರಾದರೂ ಒಬ್ಬರು ಮಣ್ಣಿಗೆ ಇಳಿಯಲೇಬೇಕು. ಎದುರಿಗಿರುವುದು ಬೈಕ್ ಆದರೆ ಇಳಿಯುವವರು ಯಾರು ಎಂದು ಕೇಳಬೇಕಾಗಿಲ್ಲ.

ಅದೇ ವೇಗದಲ್ಲಿ ಬರುವ ಗಾಡಿಯ ತೂಕ ಎರಡು ಪಟ್ಟಾದರೆ ಗುದ್ದಿನ ಶಕ್ತಿಯೂ ಎರಡು ಪಟ್ಟು. ಏರ್‌ಬ್ಯಾಗ್ ಇರುವುದು ಒಳಗೆ ಕೂತವರಿಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕಾರಿಗೆ ಸ್ಟಾರ್ ಕೊಡುವಾಗ ಎದುರಿನವರ ಮೇಲೆ ಅದು ಎಷ್ಟು ಭಾರ ಹೇರುತ್ತದೆ ಎಂಬುದಕ್ಕೂ ಅಂಕ ಇಟ್ಟರೆ, ತೂಕ ಇಳಿಸಲು ಕಂಪನಿಗಳು ಈಗಿನಷ್ಟು ನಿಧಾನ ಮಾಡುತ್ತಿರಲಿಲ್ಲ.